ನಾಲ್ಕು ಮೂಲೆಯ ಭಂಡಾರ

ಅಮೋಘಿಯ ಬಗ್ಗೆ ಬರೆಯುವುದಾದರೆ ಅವನ ಮೇಲೆ ನನಗಿರುವ ಸಿಟ್ಟಿನಿಂದಲೇ ಆರಂಭಿಸಬೇಕು. ಈಗಲೂ ಸಿಕ್ಕಾಗಲೆಲ್ಲ ಅದೇ ಮಾತು ತೆಗೆದು ಜಗಳಕ್ಕೆ ನಿಲ್ಲುತ್ತೇನೆ, ಅವನು ನಗುತ್ತಾನೆ. ವಿಜಾಪುರದ ಸರಕಾರಿ ಕಟ್ಟಡಗಳ ಕಚೇರಿಯಲ್ಲಿ ಒಂದೇ ಕಿಟಕಿಯ ಆಚೆ ಈಚೆ ವರ್ಷಗಟ್ಟಲೆ ಕೂತವರು ನಾವು. ನಾನು ಟೈಪಿಸ್ಟ್ ಮರೆಪ್ಪ, ಅವನು ಟ್ರೇಸರ್ ಅಮೋಘಿ. ಟ್ರೇಸರ್ ಎಂದರೆ ಇನ್ನೊಬ್ಬರು ಪೆನ್ಸಿಲಿನಲ್ಲಿ ಬರೆದ ನಕಾಶೆಯ ಮೇಲೆ ಗಂಜಿ ಹಾಕಿ ಬಿಗಿ ಮಾಡಿದ ತೆಳು ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ತಿದ್ದುವವನು. ಗೆರೆಯೂ ಅವನದಲ್ಲ, ಅಳತೆಯೂ ಅವನದಲ್ಲ. ನಕಾಶೆಯ ಬಲಗಡೆ ಕೆಳಗೆ ಚೌಕದ ಮನೆಗಳಿರುತ್ತಿದ್ದವು: ರಚಿಸಿದವರು, ಬರೆದವರು, ತಪಾಸಣೆ ಮಾಡಿದವರು, ಟ್ರೇಸ್ ಮಾಡಿದವರು. ಎಲ್ಲಕ್ಕಿಂತ ಕೆಳಗಿನ ಆ ಸಣ್ಣ ಮನೆಯಲ್ಲಿ ಹನ್ನೊಂದು ವರ್ಷ ಅವನ ಹೆಸರಿನ ಮೊದಲಕ್ಷರ ಬಿತ್ತು.

ಉದ್ದ ಗೆರೆ ಎಳೆಯುವಾಗ ಅವನು ಉಸಿರು ಹಿಡಿಯುತ್ತಿದ್ದ. ನನ್ನ ಯಂತ್ರದ ಸದ್ದಿಗೆ ಕೈ ಅದುರೀತೆಂದು ನಾನೂ ಟೈಪ್ ಮಾಡುವುದನ್ನು ನಿಲ್ಲಿಸುತ್ತಿದ್ದೆ. ಗೆರೆ ಮುಗಿದ ಮೇಲೆ ಅವನು "ಹೂಂ, ಬಡಿಯಪಾ" ಎನ್ನುತ್ತಿದ್ದ, ನಾನು ಮತ್ತೆ ಬಡಿಯುತ್ತಿದ್ದೆ. ನಮ್ಮ ಸ್ನೇಹ ಬೆಳೆದದ್ದು ಹೀಗೆ, ಮಾತಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಸುಮ್ಮನಿದ್ದು.

ಇನ್ನು ನನ್ನ ವಿಷಯ. ನಾನು ನಿಯಮದ ಮನುಷ್ಯ. ಹೀಗೆಂದರೆ ಕಚೇರಿಯವರು ನಗುತ್ತಿದ್ದರು. ನಗಲಿ. ನಮ್ಮೂರ ಶಾಲೆಯಲ್ಲಿ ಮೊದಲ ಎರಡು ವರ್ಷ ನನ್ನನ್ನು ಒಳಗೆ ಬಿಡಲಿಲ್ಲ, ಕಿಟಕಿಯ ಹೊರಗೆ ಕಲ್ಲಿನ ಮೇಲೆ ಕೂತು ಕಲಿತೆ. ಆಮೇಲೆ ಒಂದು ಸರಕಾರಿ ಕಾಗದ ಬಂತು. ಅದರಲ್ಲಿ ಒಂದು ನಿಯಮವಿತ್ತು. ಮಾಸ್ತರರು ಅದನ್ನು ಎರಡು ಸಲ ಓದಿ ನನ್ನನ್ನು ಒಳಗೆ ಕರೆದು ಕೂರಿಸಿದರು. ಟೈಪ್ ಮಾಡಿದ ಕಾಗದಕ್ಕೆ ಎಂಥ ತಾಕತ್ತಿದೆಯೆಂದು ನನಗೆ ಅಂದೇ ತಿಳಿಯಿತು. ನೌಕರಿಗೆ ಸೇರಿದ ದಿನ, ನನ್ನ ಯಂತ್ರದಿಂದ ಒಂದು ಸುಳ್ಳೂ ಹೊರಗೆ ಹೋಗಬಾರದೆಂದು ನಿಶ್ಚಯ ಮಾಡಿಕೊಂಡೆ. ಅಮೋಘಿಯ ದೆಸೆಯಿಂದ ಆ ನಿಶ್ಚಯ ಎರಡು ಸಲ ಮುರಿಯಿತು. ಸಿಟ್ಟು ಬರದೆ ಇರುತ್ತದೆಯೇ?

ಅಮೋಘಿ ನಿಡೋಣಿ ಹತ್ತಿರದ ಒಂದು ಕುರುಬರ ವಸ್ತಿಯವನು. ಹತ್ತು ಹನ್ನೆರಡು ಮನೆ, ಒಂದು ಕಣ, ಒಂದು ಬೇವಿನ ಮರ. ತಿಕೋಟಾದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದ. ಊರಲ್ಲಿ ಉಳಿದವಳು ತಾಯಿ ಹುಚ್ಚವ್ವ, ಜೊತೆಗೆ ಅವಳ ನಲವತ್ತು ಕುರಿ. ಅವಳ ಬಲಗೈಯ ನಡುಬೆರಳು ಒಂದು ಗೆಣ್ಣು ಗಿಡ್ಡ. ಉಣ್ಣೆ ಕತ್ತರಿಸುವಾಗ ಕುರಿ ಕೊಸರಿ ಕತ್ತರಿ ಹಾಯ್ದು ಹೋದದ್ದು. ಗಾಂಧಿ ಚೌಕಕ್ಕೆ ಉಣ್ಣೆ ಮಾರಲು ಬಂದಾಗ ಅವಳು ರೊಟ್ಟಿಯ ಗಂಟು ಹೊತ್ತು ನೆಟ್ಟಗೆ ನಮ್ಮ ಕಚೇರಿಗೆ ಬರುತ್ತಿದ್ದಳು. ಸೊಂಟದ ಚೀಲದಿಂದ ಭಂಡಾರ ತೆಗೆದು, ಅಂದರೆ ಅವರ ದೇವರ ಅರಿಶಿಣಪುಡಿ, ಸಿಕ್ಕವರ ಹಣೆಗೆಲ್ಲ ಮೂರು ಬೆರಳಿನಿಂದ ಒತ್ತುತ್ತಿದ್ದಳು. ಎರಡು ಉದ್ದ ಗೆರೆ, ನಡುವೆ ಒಂದು ಗಿಡ್ಡ. ಒಬ್ಬನ ಹಣೆಯ ಮೇಲೆ ಆ ಗುರುತು ಕಂಡರೆ ಸಾಕು, ಹುಚ್ಚವ್ವ ಬಂದಿದ್ದಾಳೆ, ಸಜ್ಜಿ ರೊಟ್ಟಿ ಬಂದಿವೆ ಎಂದು ಇಡೀ ಕಚೇರಿಗೆ ಗೊತ್ತಾಗುತ್ತಿತ್ತು.

ಸಾವಿರದ ಒಂಬೈನೂರ ಅರವತ್ತರಲ್ಲಿ ಹೊಸ ಶಾಲೆಗಳ ಪಟ್ಟಿ ಬಂತು. ಅದರಲ್ಲಿ ಅಮೋಘಿಯ ವಸ್ತಿಯೂ ಇತ್ತು. ಎಲ್ಲ ಊರಿಗೂ ಒಂದೇ ನಕಾಶೆ: ಉದ್ದನೆಯ ಕೋಣೆ, ತಗಡಿನ ಮಾಡು, ಪಡುವಣಕ್ಕೆ ಬಾಗಿಲು. ಟ್ರೇಸ್ ಮಾಡಲು ಅದು ಅವನ ಮೇಜಿಗೇ ಬಂತು. ಅರ್ಧ ಗೆರೆ ಎಳೆದವನು ಪೆನ್ನು ಕೆಳಗಿಟ್ಟ. ಹಾಗೆ ಮಾಡಿದ್ದು ಅದೇ ಮೊದಲು.

"ಏನಾತೋ?" ಎಂದೆ.

"ಇದ ನಕಾಶಿಯಿಂದ ಕಟ್ಟಿದ ಒಂದು ಸಾಲಿ ತಿಕೋಟಾ ದಾರ್ಯಾಗ ನೋಡೇನಿ ಮರೆಪ್ಪ. ಕಿಟಕಿ ನೆಲದಿಂದ ಮೂರೂವರೆ ಫೂಟ ಮ್ಯಾಲ ಐತಿ. ಹುಡುಗ್ರು ಕೂಡೂದು ನೆಲದ ಮ್ಯಾಲ. ಕೂತವರಿಗಿ ಮುಗಿಲ ಬಿಟ್ಟು ಏನೂ ಕಾಣಂಗಿಲ್ಲ. ನಮ್ಮ ವಸ್ತಿಗಿ ಇದ್ನ ಕಟ್ಟಿದ್ರ ಹುಡುಗ್ರು ಮೂರ ದಿನದಾಗ ಓಡಿ ಹೋಗ್ತಾವು."

ಮರುದಿನ ಸ್ವಂತ ನಕಾಶೆಯೊಂದನ್ನು ಕೈಯಲ್ಲಿ ಹಿಡಿದು ಸಾಹೇಬರ ಕೋಣೆಗೆ ಹೋದ. ನಮ್ಮ ಸಾಹೇಬರು ಕೆಟ್ಟವರಲ್ಲ, ಆದರೆ ಮೇಲಿನವರು ಎಂಬ ಮಾತು ಅವರ ಬಾಯಿಂದ ಉಗುಳಿಗಿಂತ ಹೆಚ್ಚು ಬರುತ್ತಿತ್ತು.

"ಟ್ರೇಸರ್ ಬರದ ನಕಾಶಿ ನಾ ಹೆಂಗ ಮುಂದ ಕಳಸ್ಲಿ? ಮ್ಯಾಲಿನವ್ರು ನನಗ ಕೇಳ್ತಾರ" ಎಂದರು. ಆಮೇಲೆ ಏನನ್ನಿಸಿತೋ, ಮೇಜಿನ ಡ್ರಾವರಿನಿಂದ ಒಂದು ಹಾಳೆ ತೆಗೆದು ಅವನ ಮುಂದೆ ಸರಿಸಿದರು. ದಿಲ್ಲಿಯ ಒಂದು ಸಂಸ್ಥೆ ಹಳ್ಳಿ ಶಾಲೆಯ ನಕಾಶೆಗೆ ರಾಷ್ಟ್ರೀಯ ಪ್ರಶಸ್ತಿ ಇಟ್ಟಿತ್ತು. ಯಾರು ಬೇಕಾದರೂ ಕಳಿಸಬಹುದಿತ್ತು. "ಬಹುಮಾನ ಬ್ಯಾಡ, ಬರೇ ಒಂದು ಮೆಚ್ಚುಗಿ ಮಾತು ಬರಲಿ, ನಿನ್ನ ನಕಾಶಿ ನಾನ ಮ್ಯಾಲ ಕಳಸ್ತೀನಿ. ಬರಲಿಲ್ಲಂದ್ರ ಮುಂದಿನ ದೀಪಾವಳಿ ಆದ ಮ್ಯಾಲ ಹಳೇ ನಕಾಶಿ ಪ್ರಕಾರ ಪಾಯಾ ತಗಸ್ತೀನಿ. ಆಮ್ಯಾಲ ನನ್ನ ಮುಂದ ಬಂದು ನಿಂದ್ರಬ್ಯಾಡ."

ಅಂದು ಸಂಜೆ ಗಾಂಧಿ ಚೌಕದ ಚಹಾ ಅಂಗಡಿಯಲ್ಲಿ ನಾನು ಆ ಹಾಳೆಯ ಹದಿನಾಲ್ಕು ನಿಯಮಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿ ಹೇಳಿದೆ. ಒಂಬತ್ತನೆಯದು ಮುಖ್ಯ. ನಕಾಶೆಯ ಮೇಲೆ ಹೆಸರು, ಊರು, ಸಹಿ, ಕಳಿಸಿದವರನ್ನು ಗುರುತಿಸಬಹುದಾದ ಯಾವ ಚಿಹ್ನೆಯೂ ಇರಬಾರದು. ಅವರು ಕೊಡುವ ಒಂದು ಸಂಖ್ಯೆ ಮಾತ್ರ ಇರಬೇಕು. ಇದನ್ನು ಮೂರು ಸಲ ಹೇಳಿದೆ.

"ತಿಳೀತು ಮಾರಾಯಾ, ನಾ ಏನ ಸಣ್ಣ ಹುಡುಗ ಅದೀನೇನು?" ಎಂದ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅವನ ಮೊದಲ ನಕಾಶೆಯನ್ನು ನೋಡಿ ಹುಚ್ಚವ್ವ, "ಹಾಳ್ಯಾಗಿಂದು ನನಗೇನ ತಿಳೀತೈತಿ? ನೆಲದ ಮ್ಯಾಲ ತೋರ್ಸು" ಎಂದಳಂತೆ. ಹಾಗಾಗಿ ಒಂದು ರವಿವಾರ ಬಬಲೇಶ್ವರದವರೆಗೆ ಮೋಟಾರು, ಅಲ್ಲಿಂದ ನಡಿಗೆ. ಉಪವಾಸದ ಹೊಟ್ಟೆಯಲ್ಲಿ ನಾನೂ ವಸ್ತಿ ಮುಟ್ಟಿದೆ. ಕಣದಲ್ಲಿ ಅಮೋಘಿ ಕುರಿ ಹಟ್ಟಿಯ ಹಗ್ಗ ಹಿಡಿದು ಅಳೆಯುತ್ತ, ಒಲೆಯ ಬೂದಿಯಿಂದ ಇಡೀ ಶಾಲೆಯನ್ನು ಅಸಲು ಅಳತೆಯಲ್ಲಿ ನೆಲದ ಮೇಲೆ ಬರೆದಿದ್ದ. ಹುಚ್ಚವ್ವ ಸೀದಾ ನಡೆದುಕೊಂಡು ಒಳಗೆ ಬಂದಳು.

"ಯವ್ವಾ, ಗ್ವಾಡಿ ದಾಟಿ ಬರಬ್ಯಾಡ ಬೇ. ಬಾಗಲ ಆ ಕಡೆ ಐತಿ."

"ಎಲ್ಲೈತೋ ಗ್ವಾಡಿ? ನನಗ ಬೂದಿ ಅಷ್ಟ ಕಾಣ್ತೈತಿ."

"ಬೂದೀನ ಗ್ವಾಡಿ ಅಂತ ತಿಳ್ಕೊ."

"ಹಂಗಾದ್ರ ಬಾಗಲಾನೂ ಇಲ್ಲೇ ಐತಿ ಅಂತ ತಿಳ್ಕೊಂತೀನಿ. ನಮ್ಮ ಮನಿಗೋಳು ಎಲ್ಲಾ ಈ ಕಡೇನ ಅದಾವು. ಸುತ್ತ ಹಾಕಿ ಯಾವ ಹುಡುಗ ಬರ್ತೈತಿ?"

ಅಮೋಘಿ ವಸ್ತಿಯ ಮನೆಗಳ ಕಡೆ ತಿರುಗಿ ನೋಡಿದ. ಆಮೇಲೆ ಕಾಲಿನಿಂದಲೇ ಬೂದಿ ಒರೆಸಿ ಬಾಗಿಲನ್ನು ತಾಯಿ ದಾಟಿ ಬಂದಲ್ಲಿಗೆ ತಂದ. ನಂತರ ವಸ್ತಿಯ ಮಕ್ಕಳನ್ನು ಕರೆದು ಒಳಗೆ ಕೂರಿಸಿದ. ಮಕ್ಕಳು ಬಂದವು, ಅವುಗಳ ಹಿಂದೆಯೇ ಹದಿನೈದು ಕುರಿಮರಿಗಳೂ ಬಂದವು. ಒಂದು ಮರಿ ನನ್ನ ಧೋತರದ ಚುಂಗು ಮೇಯತೊಡಗಿತು.

"ಮರಿ ಎಲ್ಲಿ ಕಟ್ಟೂದು?" ಎಂದಳು ಹುಚ್ಚವ್ವ.

"ಸಾಲ್ಯಾಗ ಮರಿ ಯಾಕ ಬೇ?"

"ದೊಡ್ಡವರು ಕುರಿ ಹೊಡಕೊಂಡು ಅಡವಿಗಿ ಹ್ವಾದ ಮ್ಯಾಲ ಮರಿ ಕಾಯಾವ್ರು ಯಾರು? ಈ ಹುಡುಗ್ರ. ಮರೀಗಿ ಜಾಗಾ ಇಲ್ಲದ ಸಾಲಿಗಿ ನಮ್ಮ ವಸ್ತ್ಯಾಗಿಂದ ಒಂದ ಹುಡುಗೂ ಬರೂದಿಲ್ಲ. ಬರದ ಇಟ್ಕೊ."

ಶಾಲೆಯಲ್ಲಿ ಕುರಿಹಟ್ಟಿ ಬರೆದು ಕಳಿಸಿದರೆ ದಿಲ್ಲಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ನಾನು ಸಿಟ್ಟಿನಿಂದ ಹೇಳಿದೆ. ನನ್ನ ಮಾತನ್ನು ಯಾರು ಕೇಳುತ್ತಾರೆ? ಅಮೋಘಿ ಬಡಗಣ ಗೋಡೆಗೆ ಹೊಂದಿಸಿ, ನೆರಳು ಬೀಳುವ ಕಡೆ, ಮೊಣಕಾಲೆತ್ತರದ ಗೋಡೆಯ ಒಂದು ಮರಿಹಟ್ಟಿ ಬರೆದ. ಆಮೇಲೆ ನೆಲದ ಮೇಲೆ ಕೂತ ಒಂದೊಂದು ಮಗುವಿನ ಕಣ್ಣಿನ ಎತ್ತರಕ್ಕೂ ಹಗ್ಗ ಹಿಡಿದು ಅಳೆದ. ಕಿಟಕಿ ಅಲ್ಲಿಗೆ ಇಳಿಯಿತು. ಓದುತ್ತಲೇ ಮರಿಯ ಮೇಲೆ ಕಣ್ಣಿಡಬಹುದು. ತಗಡಿನ ಮಾಡು ಹೋಗಿ ಮಣ್ಣಿನ ಮಾಳಿಗೆ ಬಂತು, ಬೇವಿನ ಮರ ಅಂಗಳದೊಳಗೆ ಬಂತು, ಅದರ ಸುತ್ತ ಕಟ್ಟೆ ಬಂತು. ಕಿಟಕಿ ತಗ್ಗಿದ್ದರೆ ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗೆ ಕೂತವನಿಗೆ ಒಳಗೂ ಕಾಣುತ್ತದೆ. ಇದನ್ನು ನಾನು ಅವನಿಗೆ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ರೊಟ್ಟಿ ತಿಂದೆ.

ಫೆಬ್ರುವರಿಯಲ್ಲಿ ನಕಾಶೆ ಸಿದ್ಧವಾಯಿತು. ತನ್ನದೇ ಪೆನ್ಸಿಲ್ ಗೆರೆಗಳ ಮೇಲೆ ತಾನೇ ಬಟ್ಟೆ ಹಾಸಿ ಟ್ರೇಸ್ ಮಾಡಿದ್ದ. ಶನಿವಾರ ನಾನು ಅದನ್ನು ಮೇಲಿಂದ ಕೆಳಗೆ ತಪಾಸಣೆ ಮಾಡಿದೆ. ಹೆಸರಿಲ್ಲ, ಊರಿಲ್ಲ, ಒಂದು ಚುಕ್ಕೆಯೂ ಹೆಚ್ಚಿಲ್ಲ, ಅರವತ್ತಮೂರು ಎಂಬ ಸಂಖ್ಯೆ ಮಾತ್ರ. ತಾಯಿಗೆ ತೋರಿಸಿ ಬರುತ್ತೇನೆಂದು ಅವನು ರವಿವಾರ ಊರಿಗೆ ಒಯ್ದ. ಸೋಮವಾರ ಬೆಳಿಗ್ಗೆ ನನ್ನನ್ನು ಸಾಹೇಬರು ತಪಾಸಣೆಗೆಂದು ಬಬಲೇಶ್ವರದ ಕಡೆ ಕರೆದೊಯ್ದರು. ನಾನು ಇಲ್ಲದ ಆ ಒಂದು ದಿನದಲ್ಲೇ ಎಲ್ಲ ನಡೆದುಹೋಯಿತು.

ನಮ್ಮ ಕಚೇರಿಯಲ್ಲಿ ನೀಲಿ ನಕಲು ತೆಗೆಯುವವನು ಸೈಫುದ್ದೀನ ಚಾಚಾ. ಟ್ರೇಸ್ ಮಾಡಿದ ಬಟ್ಟೆಯ ಕೆಳಗೆ ಮದ್ದು ಹಚ್ಚಿದ ಕಾಗದವಿಟ್ಟು, ಗಾಜಿನ ಚೌಕಟ್ಟಿನಲ್ಲಿ ಬಿಗಿದು, ಅಂಗಳದ ಬಿಸಿಲಿಗೆ ಹಿಡಿಯುತ್ತಿದ್ದ. ಎಷ್ಟು ಹೊತ್ತು ಎಂಬುದಕ್ಕೆ ಅವನ ಗಡಿಯಾರವೇ ಬೇರೆ: ಬೇಸಿಗೆಯಲ್ಲಿ ಒಂದು ಬೀಡಿ, ಚಳಿಗಾಲದಲ್ಲಿ ಎರಡು. ಬೀಡಿ ಮುಗಿದ ಮೇಲೆ ಕಾಗದವನ್ನು ನೀರಲ್ಲಿ ತೊಳೆದರೆ ಬಿಸಿಲು ಬಿದ್ದಲ್ಲೆಲ್ಲ ನೀಲಿ, ಮಸಿ ಬಿಸಿಲನ್ನು ತಡೆದಲ್ಲಿ ಬಿಳಿ ಗೆರೆ. ಅಂದು ಎರಡು ನಕಲು ತೆಗೆದು ಸುರುಳಿ ಸುತ್ತಿ ಅಮೋಘಿಯ ಕೈಗೆ ಕೊಟ್ಟ. ಕೊನೆಯ ದಿನ ಹತ್ತಿರ ಬಂದಿತ್ತು. ಅಮೋಘಿ ಅದನ್ನು ಹಾಗೇ ಟಪಾಲಿಗೆ ಹಾಕಿ ಬಂದ.

ಏಪ್ರಿಲಿನಲ್ಲಿ ದಿಲ್ಲಿಯಿಂದ ಪತ್ರ ಬಂತು. ನಾನೇ ಒಡೆದೆ. ಅರವತ್ತಮೂರನೆಯ ನಕಾಶೆಯ ನಾಲ್ಕು ಮೂಲೆಗಳಲ್ಲಿ ಬೆರಳಿನ ಆಕಾರದ ಚಿಹ್ನೆಗಳಿವೆ, ಒಂಬತ್ತನೆಯ ನಿಯಮದಂತೆ ಅದನ್ನು ಬದಿಗಿಡಲಾಗಿದೆ, ಹೇಳುವುದಿದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು.

ಅಮೋಘಿಯ ಪೆಟ್ಟಿಗೆಯಿಂದ ಆ ಬಟ್ಟೆಯನ್ನು ಹೊರಗೆಳೆದು ನೋಡಿದೆ. ನಾಲ್ಕು ಮೂಲೆಗೂ ಮೂರು ಮೂರು ಬೆರಳಿನ ಅರಿಶಿಣ. ಎರಡು ಉದ್ದ, ನಡುವೆ ಒಂದು ಗಿಡ್ಡ. ಹಳದಿ ಬಣ್ಣವೂ ಮಸಿಯಂತೆಯೇ ಬಿಸಿಲು ತಡೆಯುತ್ತದೆ. ನೀಲಿ ಕಾಗದದ ಮೇಲೆ ಆ ಬೆರಳುಗಳು ಸುಣ್ಣ ಬಳಿದ ಹಾಗೆ ಬಿಳಿಯಾಗಿ ಮೂಡಿರಬೇಕು.

"ಏ ಕುರುಬಾ, ನಿನಗ ಮೂರ ಸಲ ಓದಿ ಹೇಳೀನಲ್ಲೋ" ಎಂದು ನಾನು ಕೂಗಿದ್ದಕ್ಕೆ ಗೋಡೆಯಾಚೆಯ ಗುಮಾಸ್ತರೂ ಎದ್ದು ಬಂದರು.

"ನಾ ಜಳಕಕ್ಕ ಹೋಗಿದ್ದೆ. ದೇವರ ಮುಂದ ಇಟ್ಟಿದ್ದ ನಕಾಶಿಗಿ ಅವ್ವ ಭಂಡಾರ ಹಚ್ಯಾಳ" ಎಂದ. ಮುಖ ಕಪ್ಪಿಟ್ಟಿತ್ತು. "ಶುಭದ ಕಾಗದ ಅರಿಶಿಣ ಇಲ್ಲದ ಹೊರಗ ಹೋಗಬಾರದು ಅಂದ್ಳು. ಅದು ಚಿಹ್ನಿ ಅಂತ ನನಗ ಅನಿಸಲೇ ಇಲ್ಲ ಮರೆಪ್ಪ. ಅರಿಶಿಣ ಅರಿಶಿಣನ ಅಲ್ಲೇನು?"

ಚಾಚಾನ ಕಡೆ ತಿರುಗಿದೆ. "ನೀನಾದ್ರೂ ಒರಸಬೇಕಿತ್ತಿಲ್ಲೋ?"

"ತಾಯಿ ಹಚ್ಚಿದ್ದು. ಅದನ್ನ ಒರಸಾಕ ನಾ ಯಾರು?" ಎಂದು ಚಾಚಾ ಬೀಡಿ ಕಟ್ಟು ಹುಡುಕತೊಡಗಿದ.

ಅಮೋಘಿ ನನ್ನ ಕೈ ಹಿಡಿದುಕೊಂಡ. "ಅವ್ವಗ ಹೇಳಬ್ಯಾಡ. ಸಾಲಿ ಹೋದ್ರ ಹೋಗಲಿ. ತನ್ನ ಕೈಯಿಂದ ಕೆಟ್ಟಿತು ಅಂತ ಗೊತ್ತಾದ್ರ ಆಕಿ ಉಣ್ಣೂದು ಬಿಡ್ತಾಳ."

ಬೇರೆ ಯಾರಾದರೂ ಆಗಿದ್ದರೆ ತಾಯಿಯನ್ನು ಬೈದು ಕೂರುತ್ತಿದ್ದರು. ಇವನು ಹೀಗೆ ಅಂದಮೇಲೆ ನಾನೇನು ಮಾಡಲಿ? ಯಂತ್ರಕ್ಕೆ ಹಾಳೆ ಏರಿಸಿ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ನಮ್ಮ ಸೀಮೆಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಹೊಸ ಹೊಸ್ತಿಲವರೆಗೆ ಎಲ್ಲ ಶುಭದ ವಸ್ತುವಿಗೂ ಅರಿಶಿಣ ಹಚ್ಚುತ್ತಾರೆ ಎಂದೆ. ಅಷ್ಟು ನಿಜ. ನಿಯಮ ಬೇಡವೆನ್ನುವುದು ಕಳಿಸಿದವರನ್ನು ಗುರುತಿಸಬಹುದಾದ ಚಿಹ್ನೆಯನ್ನು ಎಂದೆ. ಅದೂ ನಿಜ. ಲಕ್ಷ ಮನೆಗಳಲ್ಲಿ ಕಾಣುವ ಈ ಗುರುತಿನಿಂದ ಯಾವ ಒಬ್ಬ ವ್ಯಕ್ತಿಯನ್ನೂ ಗುರುತಿಸಲು ಸಾಧ್ಯವಿಲ್ಲ, ಸಾಧ್ಯವೆನಿಸಿದರೆ ಆ ಹೆಸರನ್ನು ಮರುಟಪಾಲಿನಲ್ಲಿ ತಿಳಿಸಬೇಕು ಎಂದೆ. ಅದು ಸುಳ್ಳು. ಆ ಗಿಡ್ಡ ಬೆರಳಿನ ಗುರುತನ್ನು ನೂರು ಗುರುತುಗಳ ನಡುವೆ ಇಟ್ಟರೂ ನಾನು ಆರಿಸಿ ತೋರಿಸುತ್ತಿದ್ದೆ. ಗೊತ್ತಿದ್ದೂ ಟೈಪ್ ಮಾಡಿದೆ. ಅಕ್ಷರ ಒಂದೂ ತಪ್ಪಲಿಲ್ಲ.

ಎರಡು ತಿಂಗಳು ಸುದ್ದಿಯಿಲ್ಲ. ಜೂನಿನಲ್ಲಿ ತಂತಿ ಬಂತು: ಮುಂಬಯಿಯ ಒಬ್ಬ ಹಿರಿಯ ಪರೀಕ್ಷಕರು ಗೋಳಗುಮ್ಮಟ ನೋಡಲು ವಿಜಾಪುರಕ್ಕೆ ಬರುತ್ತಾರೆ, ಅರವತ್ತಮೂರನೆಯ ನಕಾಶೆಯ ಸ್ಥಳವನ್ನೂ ನೋಡಬಯಸುತ್ತಾರೆ. ನಾನು ನನ್ನ ಉತ್ತರದ ನಕಲನ್ನು ತೆಗೆದು ಮತ್ತೆ ಓದಿದೆ. ಸಾಹೇಬರು ಮಾತ್ರ ಗಡ್ಡ ಮಾಡಿಸಿಕೊಂಡು ಜೀಪು ತೊಳೆಸಿದರು.

ಪರೀಕ್ಷಕರು ಎತ್ತರದ, ಬೆಳ್ಳಗಿನ ತಲೆಯ, ಕಡಿಮೆ ಮಾತಿನ ಮನುಷ್ಯ. ಅವರಿಗೆ ಕನ್ನಡ ಬಾರದು, ಮರಾಠಿ ಬರುತ್ತಿತ್ತು. ಹಳೆಯ ಮುಂಬಯಿ ಸರಕಾರದ ಕಾಲದಲ್ಲಿ ಕಲಿತ ಮರಾಠಿ ನನಗೂ ಬರುತ್ತಿತ್ತು. ಹಾಗಾಗಿ ನಾನೇ ದುಭಾಷಿಯಾದೆ. ವಸ್ತಿಯ ಕಣದಲ್ಲಿ ಅಮೋಘಿ ಮತ್ತೆ ಬೂದಿಯಲ್ಲಿ ಶಾಲೆ ಬರೆದಿದ್ದ. ಮಕ್ಕಳು ಒಳಗೆ ಕೂತಿದ್ದವು, ಮರಿಗಳು ಅವುಗಳ ಹಟ್ಟಿಯಲ್ಲಿದ್ದವು. ಪರೀಕ್ಷಕರು ನಕಾಶೆ ನೋಡುತ್ತ ನೇರ ಹೆಜ್ಜೆ ಹಾಕಿದರು.

"ಅಲ್ಲೆ ಗ್ವಾಡಿ ಐತ್ರಿ ಯಪ್ಪಾ" ಎಂದು ಹುಚ್ಚವ್ವ ಅಡ್ಡ ಬಂದಳು. "ಬಾಗಲದಾಗ ಹಾಯ್ದು ಬರ್ರಿ."

ನಾನು ಮರಾಠಿಯಲ್ಲಿ ಹೇಳಿದೆ. ಅವರು ಬೂದಿಯ ಗೆರೆಯನ್ನು ನೋಡಿದರು, ಕ್ಷಮಿಸಿ ಎಂದರು, ಸುತ್ತು ಹಾಕಿ ಬಾಗಿಲಿನಿಂದಲೇ ಒಳಗೆ ಬಂದರು. ಬಂದು ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತರು. ಅಮೋಘಿ ಕಿಟಕಿಯ ಎತ್ತರಕ್ಕೆ ಹಗ್ಗ ಹಿಡಿದು ನಿಂತ. ಅವರು ಆ ಹಗ್ಗದ ಮೇಲಿಂದ ಮರಿಗಳನ್ನು ಬಹಳ ಹೊತ್ತು ನೋಡಿದರು.

ಊಟಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟಕ್ಕೆ ಮೊದಲು ಹುಚ್ಚವ್ವ ಚೀಲ ಬಿಚ್ಚಿದಳು. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಅವಳು ಅದನ್ನೆಲ್ಲ ನೋಡುವವಳೇ? ಮೊದಲು ಸಾಹೇಬರಿಗೆ, ಆಮೇಲೆ ನನಗೆ, ಆಮೇಲೆ ಪರೀಕ್ಷಕರಿಗೆ ಮೂರು ಬೆರಳು ಒತ್ತಿದಳು. ಪರೀಕ್ಷಕರು ನನ್ನ ಹಣೆ ನೋಡಿದರು. ಸಾಹೇಬರ ಹಣೆ ನೋಡಿದರು. ಕೊನೆಗೆ ಹುಚ್ಚವ್ವನ ಕೈ ನೋಡಿದರು.

ಯಾವ ವ್ಯಕ್ತಿಯನ್ನೂ ಗುರುತಿಸಲು ಸಾಧ್ಯವಿಲ್ಲ ಎಂದು ಟೈಪ್ ಮಾಡಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು.

"ನಾನೇ" ಎಂದೆ ಮರಾಠಿಯಲ್ಲೇ. "ತಪ್ಪು ನನ್ನದು. ಅಮೋಘಿ ನಕಾಶೆ ಬರೆದವನು ಅಷ್ಟೇ. ಅವನ ತಾಯಿಗೆ ನಿಯಮ ಗೊತ್ತಿರಲಿಲ್ಲ, ಅವಳ ಗುರುತಿನಿಂದ ನಕಾಶೆಯನ್ನು ಬದಿಗಿಟ್ಟದ್ದೂ ಅವಳಿಗೆ ಗೊತ್ತಿಲ್ಲ."

ಅವರು ರೊಟ್ಟಿ ಮುರಿದರು. ಇಷ್ಟು ಚೊಕ್ಕವಾಗಿ ಟೈಪ್ ಮಾಡಿದ ಸುಳ್ಳನ್ನು ತಾವು ನೋಡಿರಲಿಲ್ಲ ಎಂದರು. ಆಮೇಲೆ ಹೇಳಿದರು: ನಕಾಶೆ ನೋಡಿದ ದಿನ ಈ ಬೆರಳು ಯಾರವೆಂದು ತಮಗೆ ಗೊತ್ತಿರಲಿಲ್ಲ, ನಿಯಮಕ್ಕೆ ಬೇಕಾದದ್ದು ಅಷ್ಟೇ. ಉತ್ತರ ಬಂದ ಮೇಲೆ ನಕಾಶೆಯನ್ನು ಮತ್ತೆ ಸೇರಿಸಿಕೊಂಡು, ತಮ್ಮ ಅಂಕಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಟ್ಟೇ ರೈಲು ಹತ್ತಿದ್ದಾರೆ. ತಾವು ಬಂದದ್ದು ಕುರಿಮರಿಗೂ ಜಾಗವಿರುವ ಶಾಲೆ ಎಂಥ ಊರಿಗೆ ಬೇಕಾಗುತ್ತದೆ ಎಂದು ನೋಡಲು.

ಹುಚ್ಚವ್ವ ಮೊಸರು ಬಡಿಸುತ್ತ, "ಏನಂದ್ರು ತಮ್ಮಾ?" ಎಂದಳು.

"ಊಟ ಭಾಳ ಛಲೋ ಆಗೇತಿ ಅಂದ್ರು ಯವ್ವಾ."

"ಹೌದೇನು?" ಎಂದಳು. ಮೊಸರಿನ ಗಡಿಗೆ ಕೆಳಗಿಟ್ಟಳು. "ಜತ್ತ, ಮಿರಜ ತನಕ ಇಪ್ಪತ್ತ ವರ್ಷ ಕುರಿ ಕಾಯ್ದಾಕಿ ನಾ. ನನಗ ಮರಾಠಿ ತಿಳೀತೈತಿ."

ಅವಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅಮೋಘಿ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ.

ಆಗಸ್ಟಿನ ಕೊನೆಗೆ ದಿಲ್ಲಿಯ ದೊಡ್ಡ ಲಕೋಟೆ ಬಂತು. ಪ್ರಶಸ್ತಿ ಬೇರೆ ಯಾರಿಗೋ ಹೋಗಿತ್ತು. ಅರವತ್ತಮೂರನೆಯ ನಕಾಶೆಗೆ ವಿಶೇಷ ಮೆಚ್ಚುಗೆಯ ಪತ್ರ, ದಪ್ಪ ಕಾಗದ, ಬಂಗಾರದ ಬಣ್ಣದ ಮುದ್ರೆ. ಚಾಚಾ ಇಡೀ ಕಚೇರಿಗೆ ಪೇಢೆ ಹಂಚಿದ. ಸಾಹೇಬರು ಮಾತಿಗೆ ತಪ್ಪಲಿಲ್ಲ. ನಕಾಶೆಯನ್ನು ತಾವೇ ಮೇಲೆ ಕಳಿಸಿದರು, ದೀಪಾವಳಿಗೆ ಮಂಜೂರಾಗಿ ಬಂತು. ಕಟ್ಟುವವರಿಗೆ ಕೊಡಲು ಹೊಸ ನಕಲು ತೆಗೆಯಬೇಕಿತ್ತು. ಎಲ್ಲಕ್ಕಿಂತ ಮೇಲಿನ ಮನೆಯಲ್ಲಿ, ರಚಿಸಿದವರು ಎಂಬಲ್ಲಿ, ಅಮೋಘಿ ತನ್ನ ಪೂರ್ತಿ ಹೆಸರು ಬರೆಯಬೇಕಾಯಿತು. ನಾನು ಟೈಪ್ ನಿಲ್ಲಿಸಿ ಕೂತೆ. ಹನ್ನೊಂದು ವರ್ಷದಲ್ಲಿ ಎಂದೂ ಬೀಳದ ಮಸಿಯ ಹನಿ ಅಂದು ಬಿತ್ತು. ಬ್ಲೇಡಿನಿಂದ ಕೆರೆದು ಮತ್ತೆ ಬರೆದ.

ಆದರೆ ಒಂದು ಕೊರತೆ ಉಳಿದಿತ್ತು. ಜೂನಿನಿಂದ ಹುಚ್ಚವ್ವ ಎರಡು ಸಲ ಕಚೇರಿಗೆ ಬಂದು ಹೋಗಿದ್ದಳು. ರೊಟ್ಟಿ ತಂದಿದ್ದಳು, ಎಲ್ಲರ ಜೊತೆ ನಕ್ಕಿದ್ದಳು, ಆದರೆ ಭಂಡಾರದ ಚೀಲ ಬಿಚ್ಚಿರಲಿಲ್ಲ. ನಮ್ಮ ಹಣೆಗಳೆಲ್ಲ ಬೋಳಾಗಿದ್ದವು. ಅಮೋಘಿ ಎಷ್ಟು ಹೇಳಿದರೂ, "ಬ್ಯಾಡ ಯಪ್ಪಾ, ಸರಕಾರದ ಕೆಲಸ, ಮತ್ತ ಕೆಡ್ತೈತಿ" ಎನ್ನುತ್ತಿದ್ದಳಂತೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಒಂದು ಹಾಳೆ ಏರಿಸಿ, ಕಚೇರಿಯ ಆದೇಶದ ರೀತಿಯಲ್ಲೇ ಟೈಪ್ ಮಾಡಿದೆ: ಹಿಂದಿನಿಂದ ನಡೆದುಬಂದ ನಿಯಮದ ಪ್ರಕಾರ, ಸದರಿ ಶಾಲೆಯ ನಕಾಶೆಯ ನಾಲ್ಕು ಮೂಲೆಗಳಿಗೆ ಶ್ರೀಮತಿ ಹುಚ್ಚವ್ವನವರು ಸ್ವಂತ ಕೈಯಿಂದ ಭಂಡಾರ ಹಚ್ಚದ ಹೊರತು ನಕಲು ತೆಗೆಯತಕ್ಕದ್ದಲ್ಲ, ಪಾಯ ಅಗೆಯತಕ್ಕದ್ದಲ್ಲ. ಹಿಂದಿನಿಂದ ಇಂಥ ನಿಯಮ ಎಲ್ಲಿತ್ತು? ಇದು ನನ್ನ ಎರಡನೆಯ ಸುಳ್ಳು. ಸಹಿಗೆ ಹೋಗುವ ಕಾಗದಗಳ ನಡುವೆ ಅದನ್ನೂ ಸೇರಿಸಿ ಸಾಹೇಬರ ಮುಂದಿಟ್ಟೆ.

ಸಾಹೇಬರು ಓದದೆ ಸಹಿ ಮಾಡುವವರಲ್ಲ. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಮರೆಪ್ಪ, ಈ ನಿಯಮ ಯಾವ ಪುಸ್ತಕದಾಗ ಐತಿ?"

"ಇನ್ನ ಬರೀಬೇಕ್ರಿ ಸಾಹೇಬ್ರ."

"ಮ್ಯಾಲಿನವ್ರು ಕೇಳಿದ್ರ?"

ನಾನು ಮಸಿಕುಡಿಕೆಯನ್ನು ಅವರ ಕಡೆ ಸರಿಸಿದೆ. ಅವರು ಪೆನ್ನು ತೆಗೆದು ಸಹಿ ಹಾಕಿದರು, ಕೆಳಗೆ ತಾರೀಖನ್ನೂ ಹಾಕಿದರು. ಸಹಿ ಬಿದ್ದ ಮೇಲೆ ಅದು ಸುಳ್ಳಾಗಿ ಉಳಿಯಲಿಲ್ಲ, ನಿಯಮವಾಯಿತು.

ಮುಂದಿನ ಸಂತೆಯ ದಿನ ಹುಚ್ಚವ್ವ ಬಂದಾಗ ಟ್ರೇಸ್ ಮಾಡಿದ ಬಟ್ಟೆ ಮೇಜಿನ ಮೇಲೆ ಹಾಸಿತ್ತು. ಅಂಗಳದಲ್ಲಿ ಚಾಚಾ ಚೌಕಟ್ಟು ಹಿಡಿದು ನಿಂತಿದ್ದ. ನಾನು ಆದೇಶವನ್ನು ಒಂದೊಂದೇ ಪದ ಬಿಡಿಸಿ ಓದಿದೆ. ಅವಳು ಬಲಗೈಯನ್ನು ಸೆರಗಿನೊಳಗೆ ಹಿಡಿದುಕೊಂಡೇ ಕೇಳಿದಳು.

"ಖರೇನ ಸರಕಾರದ ನಿಯಮ ಏನು ತಮ್ಮಾ? ಮತ್ತ ಸುಳ್ಳ ಹೇಳಾಕತ್ತಿಲ್ಲಲ್ಲ?"

"ಸಾಹೇಬ್ರ ಸಹಿ ಐತಿ ನೋಡ್ರಿ ಯವ್ವಾ. ನೀವು ಹಚ್ಚಲಿಲ್ಲಂದ್ರ ಸಾಲಿ ಆಗೂದಿಲ್ಲ."

ಅವಳಿಗೆ ಓದಲು ಬಾರದು. ಆದರೂ ಸಹಿಯನ್ನು ಬಗ್ಗಿ ನೋಡಿದಳು. ಅಮೋಘಿಯನ್ನು ನೋಡಿದಳು. ಅವನ ಕಣ್ಣು ತುಂಬಿತ್ತು, ನನ್ನದನ್ನು ಕೇಳಬೇಡಿ.

"ಬಿಸಲ ಹೋಗಾಕತ್ತೈತಿ ಯವ್ವಾ, ಲಗೂ ಹಚ್ಚ" ಎಂದು ಚಾಚಾ ಅಂಗಳದಿಂದ ಕೂಗಿದ.

ಹುಚ್ಚವ್ವ ಸೆರಗಿನಿಂದ ಕೈ ಹೊರಗೆ ತೆಗೆದಳು. ಚೀಲ ಬಿಚ್ಚಿ, ನಾಲ್ಕು ಮೂಲೆಗೂ ನಿಧಾನವಾಗಿ, ಒತ್ತಿ ಒತ್ತಿ ಹಚ್ಚಿದಳು. ಎರಡು ಉದ್ದ, ನಡುವೆ ಒಂದು ಗಿಡ್ಡ. ಆಮೇಲೆ ನಮ್ಮ ಹಣೆಗಳ ಸರದಿ. ಅಮೋಘಿ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಒಯ್ದ. ಸೈಫುದ್ದೀನ ಚಾಚಾ ಅದನ್ನು ಗಾಜಿನ ಕೆಳಗೆ ಬಿಗಿದು, ಬಿಸಿಲಿಗೆ ತಿರುಗಿಸಿ, ಬೀಡಿ ಹಚ್ಚಿದ.